ಡಬ್ಬಿಯ ಸದ್ದು

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 1, ವಿಶ್ವ ಏಡ್ಸ್ ದಿನ ಬಂತೆಂದರೆ ಕಾಲೇಜಿನ ಎಚ್‌ಐವಿ ಜಾಗೃತಿ ಕೂಟ ರೆಡ್ ರಿಬ್ಬನ್ ಕ್ಲಬ್‌ನವರಿಗೆ ನನ್ನ ನೆನಪಾಗುತ್ತದೆ. ಬೆಳಿಗ್ಗೆ ಜಾಥಾ, ಆಮೇಲೆ ನನ್ನ ಭಾಷಣ, ಆಮೇಲೆ ಉಪ್ಪಿಟ್ಟು. ಒಗ್ಗರಣೆ ವಾಸನೆ ಆಗಲೇ ಬರುತ್ತಿದೆ, ಬೇಗ ಮುಗಿಸುತ್ತೇನೆ ಅಂತ ಸುಮ್ನೆ ಹೇಳಿಬಿಡುತ್ತೇನೆ.

ಎಚ್‌ಐವಿ ಹೇಗೆ ಹರಡುತ್ತದೆ ಅಂತ ನೀವು ಪರೀಕ್ಷೆಯಲ್ಲಿ ಬರೆದವರೇ. ತಟ್ಟೆಯಿಂದ ಬರುವುದಿಲ್ಲ, ಸೊಳ್ಳೆಯಿಂದ ಬರುವುದಿಲ್ಲ, ಎಲ್ಲ ಬರೆದಿದ್ದೀರಿ. ಬರೆದವರೇ ಬೀದಿಯಲ್ಲಿ ಯಾರದೋ ಬಗ್ಗೆ ಗುಸುಗುಸು ಕೇಳಿದ ಕೂಡಲೇ ಅವರ ಮನೆ ಚಹಾ ಬೇಡ ಅನ್ನುತ್ತೀರಿ. ಆ ಮಾರ್ಕು ವಾಪಸ್ ಕೊಡಿ!

ನಾನು ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆ ಕೇಂದ್ರದಲ್ಲಿ, ಆಪ್ತ ಸಮಾಲೋಚಕನಾಗಿದ್ದಾಗ ಒಬ್ಬರು ಎಚ್‌ಐವಿ ಮಾತ್ರೆಗೆ ಬರುತ್ತಿದ್ದರು. ಅವರ ತಾಲ್ಲೂಕು ಆಸ್ಪತ್ರೆಯಲ್ಲೇ ಮಾತ್ರೆ ಸಿಗುತ್ತಿತ್ತು, ಆದರೂ ಎರಡು ಬಸ್ಸು ಬದಲಿಸಿ ನಮ್ಮಲ್ಲಿಗೆ. ಯಾಕೆ ಅಂದರೆ ಅಲ್ಲಿ ಚೀಟಿ ಬರೆಯುವವನು ಅವರ ಓಣಿಯವನು. ಡಬ್ಬಿ ಕೈಗೆ ಬಂದ ತಕ್ಷಣ ಮೊದಲು ಲೇಬಲ್ ಕಿತ್ತು ಹಾಕುವುದು, ಆಮೇಲೆ ಮುಚ್ಚಳ ತೆಗೆದು ಒಳಗೆ ಹತ್ತಿ ತುರುಕುವುದು. ಅಲ್ಲಾಡಿದರೆ ಗಲಗಲ ಅನ್ನುತ್ತದಲ್ವಾ, ಅದಕ್ಕೆ. ಒಂದು ಸಲ ಹತ್ತಿ ಮರೆತು ಬಸ್ ಹತ್ತಿದ್ದಾರೆ. ನಮ್ಮ ರಸ್ತೆ ನಿಮಗೆ ಗೊತ್ತು. ಪಕ್ಕದಲ್ಲಿದ್ದ ಅಜ್ಜಿ, 'ಏನಪ್ಪಾ ಅದು ಸದ್ದು?' ಅಂದಿದ್ದಾರೆ. ಇವರು ಗಾಬರಿಯಲ್ಲಿ, 'ಶುಗರ್ ಮಾತ್ರೆ ಅಜ್ಜಿ' ಅಂದರಂತೆ. ಅಷ್ಟೇ ಸಾಕಾಯಿತು! ಅಜ್ಜಿ ಹಾಗಲಕಾಯಿ ರಸ ಕುಡಿ ಅಂದರು, ಹಿಂದಿನ ಸೀಟಿನವರು ಮೆಂತ್ಯ ನೆನೆಸಿಡು ಅಂದರು, ಕಂಡಕ್ಟರ್ ತನಗೂ ಶುಗರ್ ಇದೆ ಅಂತ ನಿಂತೇಬಿಟ್ಟ. ಇವರು ಇಳಿಯುವವರೆಗೂ ಉಪಚಾರ. ಮುಂದಿನ ತಿಂಗಳು ನನಗೆ ಹೇಳಿ ನಕ್ಕರು. ಆಮೇಲೆ, 'ಸಾರ್, ನಿಜ ಹೇಳಿದ್ದರೆ ಆ ಸೀಟಲ್ಲಿ ನಾನೊಬ್ಬನೇ ಕೂತಿರುತ್ತಿದ್ದೆ' ಅಂದರು.

ಎರಡೂ ದಿನಾ ಮಾತ್ರೆ ನುಂಗುವ ಕಾಯಿಲೆಯೇ. ಒಂದಕ್ಕೆ ಹಾಗಲಕಾಯಿ, ಇನ್ನೊಂದಕ್ಕೆ ಖಾಲಿ ಸೀಟು. ಯಾಕೆ?

ಇದರಲ್ಲಿ ನಮ್ಮದೂ ತಪ್ಪಿದೆ. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ತಂಡ ದೇಶದ ಮೊದಲ ಪ್ರಕರಣಗಳನ್ನು ಗುರುತಿಸಿತು. ಆಗ ಔಷಧಿ ಇರಲಿಲ್ಲ, ಹೆದರಿಸಿದರೆ ಜನ ಹುಷಾರಾಗುತ್ತಾರೆ ಅಂತ ತಲೆಬುರುಡೆ ಪೋಸ್ಟರ್ ಅಂಟಿಸಿದೆವು. 2004ರ ಏಪ್ರಿಲ್ 1ರಿಂದ ಸರ್ಕಾರ ಎಆರ್‌ಟಿ, ಅಂದರೆ ವೈರಸ್ ಹತ್ತಿಕ್ಕುವ ಮಾತ್ರೆ ಉಚಿತವಾಗಿ ಕೊಡಲು ಶುರು ಮಾಡಿತು, ಮೊದಲ ಪಟ್ಟಿಯಲ್ಲೇ ಕರ್ನಾಟಕವೂ ಇತ್ತು. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದೇ ಇಲ್ಲ. ಪೋಸ್ಟರ್ ಹರಿದುಹೋಯಿತು, ತಲೆಬುರುಡೆ ಮಾತ್ರ ನಮ್ಮ ತಲೆಯಲ್ಲೇ ಉಳಿಯಿತು. ಹತ್ತಿ ತುರುಕುವವರು ಒಂದು ದಿನ ಮದುವೆ ಮನೆಯಲ್ಲಿ ಡಬ್ಬಿ ತೆಗೆಯಲಾಗದೆ ಮಾತ್ರೆ ತಪ್ಪಿಸುತ್ತಾರೆ, ಎರಡು ದಿನ ತಪ್ಪಿಸುತ್ತಾರೆ, ಹೀಗೇ ತಪ್ಪುತ್ತಾ ಹೋದರೆ ವೈರಸ್ ಮತ್ತೆ ಏಳುತ್ತದೆ. ಅಂದರೆ ಆ ಅಜ್ಜಿಯ ಕಿವಿಗೂ ವೈರಸ್ಸಿಗೂ ನೇರ ಸಂಬಂಧ ಇದೆ, ನಗಬೇಡಿ.

ಪ್ರಿನ್ಸಿಪಾಲರು ಗಡಿಯಾರ ನೋಡುತ್ತಿದ್ದಾರೆ. ಉಳಿದದ್ದು ಓಡಿಸುತ್ತೇನೆ. ಗರ್ಭಿಣಿಯರು ಬೇಗ ಪರೀಕ್ಷೆ ಮಾಡಿಸಿಕೊಳ್ಳಬೇಕು, ಸೋಂಕಿದ್ದರೂ ಔಷಧಿಯಿಂದ ಮಗುವನ್ನು ಕಾಪಾಡಬಹುದು. ಸೋಂಕು ತಗುಲಿರಬಹುದು ಅನ್ನಿಸಿದರೆ 72 ಗಂಟೆಯೊಳಗೆ ಡಾಕ್ಟರ ಹತ್ತಿರ ಓಡಿ, ತಡೆಯುವ ಔಷಧಿ ಇದೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಎಚ್‌ಐವಿ ಸ್ಥಿತಿ ಬಯಲು ಮಾಡುವಂತಿಲ್ಲ. ಹೀಗಿದ್ದೂ ಒಂದು ಆಸ್ಪತ್ರೆಯಲ್ಲಿ ಮಂಚಕ್ಕೆ ಎಚ್‌ಐವಿ ಅಂತ ಬೋರ್ಡು ಕಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಸಹಾಯವಾಣಿ 1097, ಫೋನ್ ಉಚಿತ.

ಪ್ರಶ್ನೆ ಇದ್ದರೆ ಚೀಟಿಯಲ್ಲಿ ಬರೆದು ಆ ಡಬ್ಬಿಗೆ ಹಾಕಿ, ಹೆಸರು ಬೇಡ. ರಟ್ಟಿನ ಡಬ್ಬಿ, ಸದ್ದಾಗುವುದಿಲ್ಲ.