ಕಡಲಿಗೆ ಬೆನ್ನು ಹಾಕಿ ನಿಲ್ಲಿ

ನಮಸ್ಕಾರ. ನಿಮ್ಮಲ್ಲಿ ಕೆಲವರು ಮುಂದಿನ ತಿಂಗಳು ಇಟಲಿಗೆ ಹೊರಟಿದ್ದೀರಿ. ಟೂರಿನ ಪಟ್ಟಿ ನೋಡಿದೆ. ಅಮಾಲ್ಫಿ ಕರಾವಳಿಗೆ ಒಂದೇ ದಿನ. ಪೊಸಿಟಾನೊ, ಅಮಾಲ್ಫಿ, ರವೆಲ್ಲೊ, ಊಟ, ವಾಪಸ್! ಅದನ್ನು ನೋಡಿದ ಮೇಲೆ ಸುಮ್ನೆ ಕೂರೋಕಾಗಲಿಲ್ಲ.

ನನ್ನದು ಒಂದೇ ಮಾತು. ಅಲ್ಲಿ ಸ್ವಲ್ಪ ಹೊತ್ತು ಕಡಲಿಗೆ ಬೆನ್ನು ಹಾಕಿ ನಿಲ್ಲಿ.

ಇದು ನನಗೆ ಗೊತ್ತಾಗಿದ್ದು ಒಂದು ಬಸ್ಸಿನಿಂದ. ಬೆಟ್ಟದ ಪಕ್ಕೆ ಕೊರೆದು ಮಾಡಿದ ರಸ್ತೆ ಅದು. ಈ ಕಡೆ ಬಂಡೆ, ಆ ಕಡೆ ಪ್ರಪಾತ. ಪ್ರತಿ ತಿರುವಿಗೂ ಹಾರ್ನ್. ಒಂದು ತಿರುವಿನಲ್ಲಿ ಎದುರಿಗೆ ಇನ್ನೊಂದು ಬಸ್ಸು. ಇಬ್ಬರು ಡ್ರೈವರುಗಳೂ ಕನ್ನಡಿ ಮಡಚಿದರು. ಹಿಂದಿನ ಕಾರುಗಳೆಲ್ಲ ರಿವರ್ಸ್. ಒಂದು ಇಂಚು, ಮತ್ತೊಂದು ಇಂಚು. ನಮ್ಮನೆಯವರು ಕಣ್ಣು ಮುಚ್ಚಿಕೊಂಡು ವಿಷ್ಣು ಸಹಸ್ರನಾಮ ಶುರು ಮಾಡಿದರು. ಬಸ್ಸು ದಾಟಿತು, ಸಹಸ್ರನಾಮ ನಿಲ್ಲಲಿಲ್ಲ. ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ, ನಗ್ತಿದ್ದಾರೆ ನೋಡಿ. ಅಮಾಲ್ಫಿಯಲ್ಲಿ ಇಳಿದವರೇ, "ಇವತ್ತು ಇನ್ನೊಂದು ಬಸ್ಸು ಹತ್ತಿದ್ರೆ ಕೇಳಿ" ಅಂತ ಸೀದಾ ಊರೊಳಗೆ ನಡೆದರು. ನಾನು ಹಿಂದೆ.

ಅಲ್ಲಿನ ಮುಖ್ಯ ಬೀದಿಯ ಅಡಿಯಲ್ಲೇ ಕನ್ನೆತೊ ಅಂತ ಒಂದು ಹೊಳೆ ಹರಿಯುತ್ತದೆ. ಮೇಲೆ ಹೋದ ಹಾಗೆ ಅಂಗಡಿ ಕಡಿಮೆ, ನೀರಿನ ಸದ್ದು ಜಾಸ್ತಿ. ಕೊನೆಗೊಂದು ಹಳೇ ಕಾಗದದ ಗಿರಣಿ, ಈಗ ಮ್ಯೂಸಿಯಂ. ಮರದ ದಪ್ಪ ಸುತ್ತಿಗೆಗಳು, ತುದಿಗೆ ಕಬ್ಬಿಣದ ಮೊಳೆ. ನೀರಿನ ಚಕ್ರ ತಿರುಗಿದರೆ ಒನಕೆ ಹಾಗೆ ಏಳುತ್ತವೆ, ಬೀಳುತ್ತವೆ. ಕಲ್ಲಿನ ತೊಟ್ಟಿಯಲ್ಲಿ ಚಿಂದಿ ಬಟ್ಟೆ. ಕುಟ್ಟಿ ಕುಟ್ಟಿ ಗಂಜಿ ಮಾಡಿ, ಜಾಲರಿಯಲ್ಲಿ ಎತ್ತಿದರೆ ಕಾಗದ. 1231ರಲ್ಲಿ, ಆಗ ಇಲ್ಲಿ ಆಳ್ತಿದ್ದ ಚಕ್ರವರ್ತಿ ಎರಡನೇ ಫ್ರೆಡರಿಕ್, ಸರ್ಕಾರಿ ಪತ್ರಗಳಿಗೆ ಕಾಗದ ಬೇಡ, ಚರ್ಮದ ಹಾಳೆಯೇ ಇರಲಿ ಅಂದ. ಇವತ್ತು ಅದೇ ಅಮಾಲ್ಫಿ ಕಾಗದದಲ್ಲಿ ಮದುವೆ ಆಮಂತ್ರಣ ಮಾಡಿಸ್ತಾರೆ!

ಕಡಲು ಏನೂ ಕೊಡಲಿಲ್ಲ ಅಂತಲ್ಲ. ಸಾವಿರ ವರ್ಷದ ಹಿಂದೆ ಅಮಾಲ್ಫಿಯವರ ಹಡಗುಗಳು ಈಜಿಪ್ಟಿಗೆ, ಕಾನ್‌ಸ್ಟಾಂಟಿನೋಪಲ್‌ಗೆ, ಅಂದರೆ ಈಗಿನ ಇಸ್ತಾಂಬುಲ್‌ಗೆ, ಹೋಗ್ತಿದ್ದವು. ಇಲ್ಲಿನ ಚರ್ಚಿನ ಕಂಚಿನ ಬಾಗಿಲು ಬಂದಿದ್ದೂ ಕಾನ್‌ಸ್ಟಾಂಟಿನೋಪಲ್‌ನಿಂದಲೇ. ಆದರೆ 1343ರ ಬಿರುಗಾಳಿಗೆ ಕೆಳಗಿನ ಊರು, ಬಂದರು ಎರಡೂ ಸಮುದ್ರ ಸೇರಿದವು. ಆಮೇಲೂ ಹಿಂದಿನ ಕಣಿವೆಯಲ್ಲಿ ಸುತ್ತಿಗೆ ಕುಟ್ಟುತ್ತಲೇ ಇತ್ತು. ಅದಕ್ಕೇ ಕಡಲಿಗೆ ಬೆನ್ನು ಹಾಕಿ ಅನ್ನೋದು. ಹೊಳೆಯೂ ಸಾಧು ಅಲ್ಲ ಬಿಡಿ. 1954ರ ಪ್ರವಾಹ ಹಲವು ಗಿರಣಿಗಳನ್ನು ಹಾಳು ಮಾಡಿತು.

ಚೀಟಿ ಬಂತು, ಐದೇ ನಿಮಿಷವಂತೆ. ನಿಂಬೆ ತೋಟಗಳ ಬಗ್ಗೆ ಹೇಳಬೇಕಿತ್ತು. ಬೆಟ್ಟಕ್ಕೆ ಕಲ್ಲು ಕಟ್ಟಿ ಮೆಟ್ಟಿಲು ಮಾಡಿ, ಚೆಸ್ಟ್‌ನಟ್ ಮರದ ಕಂಬದ ಚಪ್ಪರದಲ್ಲಿ ಬೆಳೀತಾರೆ. ರವೆಲ್ಲೊ ಎತ್ತರದಲ್ಲಿದೆ, ತಂಪು. ಪೊಸಿಟಾನೊ ಫೋಟೊದಲ್ಲಿ ಇದ್ದ ಹಾಗೇ ಇದೆ, ಅಷ್ಟೇ. ಅದೇ ಕರಾವಳಿಯ ಚೇತಾರಾ ಅನ್ನೋ ಊರಲ್ಲಿ ಉಪ್ಪು ಹಾಕಿದ ಮೀನಿನ ರಸ ಮಾಡ್ತಾರೆ, ಸಸ್ಯಾಹಾರಿಗಳು ಕೇಳಿ ತಿನ್ನಿ.

ಹಾಂ, ಬಸ್ ಟಿಕೆಟನ್ನು ಮೊದಲೇ ತಂಬಾಕಿನ ಅಂಗಡಿಯಲ್ಲಿ ತಗೊಳ್ಳಿ. ಹತ್ತಿದ ಮೇಲೆ ಮಷೀನಿನಲ್ಲಿ ಮುದ್ರೆ ಹಾಕಿಸಿ. ವಾಪಸ್ ಬರೋಕೆ ದೋಣಿಯೂ ಇದೆ. ನಾವು ಬಂದಿದ್ದು ಅದರಲ್ಲೇ.