ಬೆಲ್ಟಿಗೆ ತೂತು: ಇಕ್ಕಳವೋ, ಹೊಡೆಯುವ ಪಂಚೋ?

ಕೇಳುಗರಿಗೆ ನಮಸ್ಕಾರ.

ಕೈಲ್‌ಪೊಳ್ದ್ ಎಂಬ ಆಯುಧ ಪೂಜೆಯ ಹಬ್ಬ ಹತ್ತಿರವಾಯಿತೆಂದರೆ ಕೊಡಗಿನ ಮನೆಗಳಲ್ಲಿ ಕೋವಿ ಒರೆಸುವ ಕೆಲಸ ಶುರು. ಅದರ ಜೊತೆಗೆ ಹೊರಬರುವ ತೊಗಲಿನ ಹೆಗಲುಪಟ್ಟಿ ಮಳೆಗಾಲದ ತೇವ ಕುಡಿದು ಜಗ್ಗಿರುತ್ತದೆ. ಇನ್ನೊಂದು ತೂತು ಬೇಕಾಗುತ್ತದೆ. ಸೊಂಟದ ಬೆಲ್ಟಿನ ಪಾಡೂ ಅದೇ, ನಾಯಿಯ ಕೊರಳಪಟ್ಟಿಯದೂ ಅದೇ. ಆಗ ಕೈ ಹೋಗುವುದು ಮೊಳೆಯ ಕಡೆಗೆ. ಒಲೆಯಲ್ಲಿ ಕೆಂಪಗೆ ಕಾಸಿ ಚುಚ್ಚಿದರೆ ಮುಗಿಯಿತು ಎಂಬ ಲೆಕ್ಕ.

ಮುಗಿಯುವುದು ಬೆಲ್ಟಿನ ಆಯುಸ್ಸು. ಬಿಸಿ ತಾಗಿದ ಕಡೆ ತೊಗಲಿನ ನಾರು ಸುಟ್ಟು ಹಪ್ಪಳದ ಹಾಗೆ ಗಡುಸಾಗುತ್ತದೆ. ಬಕಲ್ಲಿನ ಮುಳ್ಳು ಜಗ್ಗಿದಾಗ ಬಿರುಕು ಬಿಡುವುದು ಅಲ್ಲಿಂದಲೇ. ಕಾಸದೆ ಚುಚ್ಚಿದರೆ? ದಬ್ಬಳವಾಗಲಿ ಮೊಳೆಯಾಗಲಿ ತೊಗಲನ್ನು ಕತ್ತರಿಸಿ ತೆಗೆಯುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ ಅಷ್ಟೆ. ಆ ತೂತು ಮತ್ತೆ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಸೀಳಿಕೊಂಡು ಉದ್ದಕ್ಕೆ ಓಡುತ್ತದೆ. ಡ್ರಿಲ್ ಯಂತ್ರ ನಾರನ್ನು ಸುತ್ತಿ ಎಳೆದು ಗುಂಗುರು ಮಾಡುತ್ತದೆ. ನಮಗೆ ಬೇಕಾದದ್ದು ಒಂದು ಸಣ್ಣ ಬಿಲ್ಲೆಯಷ್ಟು ತೊಗಲನ್ನು ದುಂಡಗೆ ಕತ್ತರಿಸಿ ಹೊರಗೆ ಹಾಕುವ ಹತ್ಯಾರು.

ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಕೊಡುವುದು ತಿರುಗುವ ತಲೆಯ ಪಂಚ್ ಇಕ್ಕಳ. ತಲೆಯಲ್ಲಿ 6 ಕೊಳವೆ. ಹೆಚ್ಚಿನವುಗಳಲ್ಲಿ 2 ಮಿಲಿಮೀಟರಿನಿಂದ 4.5 ಮಿಲಿಮೀಟರಿನವರೆಗೆ. ಸದ್ದಿಲ್ಲ, ಕಟ್ಟೆ ಬೇಡ, ಕೋವಿಯಿಂದ ಬಿಚ್ಚದೆಯೇ ಪಟ್ಟಿಗೆ ತೂತು ಹಾಕಬಹುದು. ಆದರೆ ಅಗ್ಗದ ಇಕ್ಕಳಗಳಲ್ಲಿ ತಲೆ ಅಲುಗಾಡುತ್ತದೆ. ಕೊಳವೆಯ ಬಾಯಿ ಕೆಳಗಿನ ತಗಡಿನ ಮೇಲೆ ಓರೆಯಾಗಿ ಕೂತರೆ ಅರ್ಧ ವೃತ್ತ ಕತ್ತರಿಸುತ್ತದೆ, ಉಳಿದರ್ಧ ಬರೀ ಒತ್ತಿದ ಗುರುತು.

ಕೊಳ್ಳುವ ಮೊದಲೇ ಇದನ್ನು ಪತ್ತೆಹಚ್ಚಬಹುದು. ಅಂಗಡಿಯ ಬಿಲ್ಲಿನಂಥ ತೆಳು ಕಾಗದವನ್ನು ಬಾಯಿಗೆ ಕೊಟ್ಟು ಒತ್ತಿ. ಬಿಲ್ಲೆ ಪೂರ್ತಿ ಕತ್ತರಿಸಿ ಬಿದ್ದರೆ ಸರಿ. ಒಂದು ಬದಿ ಅಂಟಿಕೊಂಡೇ ಇದ್ದರೆ ಮತ್ತೊಂದು ಇಕ್ಕಳ ತೆಗೆಸಿ ನೋಡಿ. ಆರೂ ಕೊಳವೆಗಳಲ್ಲಿ ನೋಡಬೇಕು, ಅಂಗಡಿಯವರು ಗೊಣಗಿದರೂ. ಕೆಳಗಿನ ತಗಡು ಹಿತ್ತಾಳೆಯದಾಗಿರಲಿ. ಹಿತ್ತಾಳೆ ಮೆದು, ಹಾಗಾಗಿ ಉಕ್ಕಿನ ಅಂಚು ಬೇಗ ಮೊಂಡಾಗುವುದಿಲ್ಲ. ಕೊಳವೆಗಳು ತಿರುಪಿನವಾಗಿದ್ದರೆ ಮೊಂಡಾದ ಒಂದನ್ನು ಮಾತ್ರ ಬದಲಿಸಬಹುದು.

ಎರಡನೆಯದು ಹೊಡೆಯುವ ಪಂಚ್. ಒಂದೇ ಉಕ್ಕಿನ ತುಂಡು, ತುದಿಯಲ್ಲಿ ಟೊಳ್ಳು, ಬದಿಯಲ್ಲಿ ಬಿಲ್ಲೆ ಹೊರಬೀಳುವ ಕಿಂಡಿ. ಮನೆಯ ಮಟ್ಟಿಗೆ ನನ್ನ ಓಟು ಇದಕ್ಕೇ. ಒಂದು ಬೆಲ್ಟಿನ ತೂತುಗಳೆಲ್ಲ ಒಂದೇ ಅಳತೆಯವು. ಆರು ಕೊಳವೆಯಲ್ಲಿ ಐದು ಸುಮ್ಮನೆ ತುಕ್ಕು ಹಿಡಿಯುವುದೇಕೆ? 4 ಮಿಲಿಮೀಟರಿನ ಒಂದು ಒಳ್ಳೆಯ ಪಂಚ್ ಹೆಚ್ಚಿನ ಬೆಲ್ಟುಗಳಿಗೆ ಸಾಕು. ಸರಿಯಾದ ಅಳತೆ ಬೇಕೆಂದರೆ ಡ್ರಿಲ್ ಬಿಟ್ಟುಗಳ ಹಿಂಬದಿಯನ್ನು ಹಳೆಯ ತೂತಿಗೆ ಒಂದೊಂದಾಗಿ ತೂರಿಸಿ ನೋಡಿ. ಸಡಿಲವೂ ಅಲ್ಲದೆ ಬಿಗಿಯೂ ಅಲ್ಲದೆ ಕೂತ ಬಿಟ್ಟಿನ ಅಳತೆಯೇ ನಿಮ್ಮ ಪಂಚಿನ ಅಳತೆ. ಜಗ್ಗಿ ಮೊಟ್ಟೆಯಾಕಾರಕ್ಕೆ ಬಂದ ತೂತನ್ನು ಬಿಟ್ಟು, ಬಳಸದೆ ಉಳಿದದ್ದನ್ನು ಅಳೆಯಿರಿ.

ಪಂಚಿನಷ್ಟೇ ಮುಖ್ಯ ಅದರ ಅಡಿಯಲ್ಲಿ ಏನಿದೆ ಎಂಬುದು. ಸಿಮೆಂಟು ನೆಲ, ಕಲ್ಲು, ಕಬ್ಬಿಣದ ಮೇಲೆ ಇಟ್ಟು ಹೊಡೆದರೆ ಒಂದೇ ಏಟಿಗೆ ಅಂಚು ಮಡಚಿಕೊಳ್ಳುತ್ತದೆ. ಅಡ್ಡಕ್ಕೆ ಕೊಯ್ದ ಮರದ ಕೊರಡು ಒಳ್ಳೆಯದು. ತೋಟದಲ್ಲಿ ಕಡಿದ ಸಿಲ್ವರ್ ಓಕಿನ ತುಂಡೂ ಆಗುತ್ತದೆ, ನಾರು ಮೇಲ್ಮುಖವಾಗಿರಬೇಕು ಅಷ್ಟೆ. ಹೊಡೆಯಲು ಮರದ ಕೊಡತಿ ಅಥವಾ ನೈಲಾನ್ ಸುತ್ತಿಗೆ. ಕಬ್ಬಿಣದ ಸುತ್ತಿಗೆ ಪಂಚಿನ ತಲೆಯನ್ನು ಅಣಬೆಯ ಹಾಗೆ ಚಪ್ಪಟೆ ಮಾಡುತ್ತದೆ. ಆ ಅಂಚಿನ ಚೂರು ಸಿಡಿದರೆ ಕಣ್ಣಿಗೆ ಅಪಾಯ.

ಈಗ ಕೆಲಸ. ತೊಗಲು ಪೂರ್ತಿ ಒಣಗಿರಬೇಕು. ಒದ್ದೆಯಲ್ಲಿ ಹೊಡೆದ ತೂತು ಒಣಗುವಾಗ ಆಕಾರ ಕೆಡಿಸಿಕೊಳ್ಳುತ್ತದೆ. ಮರದ ತೊಗಟೆಯ ಒಗರಿನಲ್ಲಿ ಹದ ಮಾಡಿದ ತೊಗಲಾದರೆ ಒದ್ದೆಯಲ್ಲಿ ಕಬ್ಬಿಣ ತಾಗಿದ ಕಡೆ ಕಪ್ಪು ಕಲೆಯೂ ಬೀಳುತ್ತದೆ. ಹಾಗೆಂದು ಒಲೆಯ ಮೇಲೆ ನೇತುಹಾಕಬೇಡಿ. ನೆನೆದ ತೊಗಲು ಬಿಸಿಗೆ ಮುದುಡಿಕೊಳ್ಳುತ್ತದೆ. ಗಾಳಿಯಾಡುವ ನೆರಳಿನಲ್ಲಿ ಒಂದೆರಡು ದಿನ ಬಿಡಿ.

ಬೆಲ್ಟಿನ ಮುಖಕ್ಕೆ ಕಾಗದದ ಟೇಪು ಅಂಟಿಸಿ ಅದರ ಮೇಲೆ ಗುರುತು ಹಾಕಿ. ಹಳೆಯ ತೂತುಗಳ ನಡುವಿನ ಅಂತರವನ್ನೇ ಮುಂದುವರಿಸಿ, ಸಾಮಾನ್ಯವಾಗಿ 25 ಮಿಲಿಮೀಟರ್. ಅಗಲ 38 ಆದರೆ ಅಂಚಿನಿಂದ 19ಕ್ಕೆ ನಡು. ಪಂಚನ್ನು ಗುರುತಿನ ಮೇಲಿಟ್ಟು ಮೊದಲು ಕೈಯಲ್ಲೇ ಒತ್ತಿ. ಟೇಪಿನ ಮೇಲೆ ಉಂಗುರ ಮೂಡುತ್ತದೆ. ಅದು ನಡುವಿನಲ್ಲಿದ್ದರೆ ಪಂಚನ್ನು ನೆಟ್ಟಗೆ ಹಿಡಿದು ಒಂದೇ ಗಟ್ಟಿ ಏಟು. ಪುಟ್ಟ ಪುಟ್ಟ ನಾಲ್ಕು ಏಟು ಕೊಟ್ಟರೆ ಪಂಚ್ ಕುಣಿದು ಎರಡು ಉಂಗುರ ಬೀಳುತ್ತವೆ. ಬಿಲ್ಲೆ ಅರ್ಧಕ್ಕೆ ನಿಂತರೆ ಎಳೆದು ಕೀಳಬೇಡಿ, ನಾರೂ ಜೊತೆಗೆ ಎದ್ದು ಬರುತ್ತದೆ. ಪಂಚನ್ನು ಅದೇ ಉಂಗುರದಲ್ಲಿ ಕೂರಿಸಿ, ತುಸು ತಿರುವಿ, ಮತ್ತೊಮ್ಮೆ ಹೊಡೆಯಿರಿ.

ಮೂರಕ್ಕಿಂತ ಹೆಚ್ಚು ತೂತು ಬೇಕಾಗುವಷ್ಟು ಬೆಲ್ಟು ಉದ್ದವಿದ್ದರೆ ತೂತಿನ ಯೋಚನೆಯನ್ನೇ ಬಿಡಿ. ಬಾಲ ಬೆನ್ನಿನವರೆಗೆ ಸುತ್ತುತ್ತದೆ. ಬಕಲ್ಲು ಬಿಚ್ಚಿ, ಆ ತುದಿಯಿಂದಲೇ ಕತ್ತರಿಸಬೇಕು. ಮುಳ್ಳು ಆಡುವ ಹೊಸ ಸೀಳಿಗೂ ಇದೇ ಪಂಚ್: 25 ಮಿಲಿಮೀಟರ್ ದೂರದಲ್ಲಿ ಎರಡು ತೂತು, ನಡುವೆ ಚಾಕುವಿನಿಂದ ಎರಡು ಸಮಾನಾಂತರ ಗೆರೆ. ಕೊನೆಗಳು ದುಂಡಗಿರುವುದರಿಂದ ಸೀಳು ಮುಂದಕ್ಕೆ ಹರಿಯುವುದಿಲ್ಲ.

ತೊಗಲಿನ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಬೆಲ್ಟುಗಳೂ ಇವೆ. ಎಂಥ ಪಂಚಿನಿಂದ ಹೊಡೆದರೂ ಅವುಗಳ ತೂತಿನ ಅಂಚು ಉದುರುತ್ತದೆ, ಹತ್ಯಾರನ್ನು ಬೈಯಬೇಡಿ.

ಪಂಚ್ ಮೊಂಡಾದರೆ 600 ನಂಬರಿನ ವಾಟರ್ ಪೇಪರನ್ನು ಸಮತಟ್ಟಾದ ಹಲಗೆಯ ಮೇಲೆ ಹಾಸಿ, ಹೊರಗಿನ ಇಳಿಜಾರನ್ನು ಅದಕ್ಕೆ ತಾಗಿಸಿ ಉರುಳಿಸುತ್ತಾ ಎಳೆಯಿರಿ. ಒಳಗೆ ಉಜ್ಜಿ ಅಗಲ ಮಾಡಬೇಡಿ. ಇಡುವ ಮೊದಲು ಟೊಳ್ಳಿನಲ್ಲಿ ಸಿಕ್ಕಿದ ಬಿಲ್ಲೆಗಳನ್ನು ತಂತಿಯಿಂದ ತಳ್ಳಿ ತೆಗೆಯಿರಿ. ನಮ್ಮ ಜುಲೈ ಮಳೆಯಲ್ಲಿ ಅವು ನೀರು ಹೀರಿ ಒಳಗಿನಿಂದಲೇ ತುಕ್ಕು ಹಿಡಿಸುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸವರಿ, ಮುಚ್ಚಳ ಗಟ್ಟಿಯಾಗಿರುವ ಡಬ್ಬಿಗೆ ಹಾಕಿಡಿ. ಮುಂದಿನ ಸಲ ಬೆಲ್ಟಿಗೆ ತಾಗಿಸುವ ಮೊದಲು ಆ ಎಣ್ಣೆಯನ್ನು ಒರೆಸಿಕೊಳ್ಳಿ, ತೊಗಲಿಗೆ ಹತ್ತಿದ ಎಣ್ಣೆಯ ಕಲೆ ಹೋಗುವುದಿಲ್ಲ.

ನಮಸ್ಕಾರ.