ಮೊದಲು ಗೋಡೆ ನೋಡಿ, ಆಮೇಲೆ ಲ್ಯಾಪ್‌ಟಾಪ್

ಮೈಸೂರು ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ. ಮಗನೋ ಮಗಳೋ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಬಿಟ್ಟುಹೋದ ಹಳೇ ಲ್ಯಾಪ್‌ಟಾಪ್ ಒಂದು ನಿಮ್ಮ ಬೀರುವಿನಲ್ಲಿ ಇರಬಹುದು. ಇವತ್ತು ಬೇಕು ಅಂತ ತೆಗೆದು ಗುಂಡಿ ಒತ್ತಿದರೆ, ಜಪ್ಪಯ್ಯ ಅಂದರೂ ಆನ್ ಆಗುವುದಿಲ್ಲ. ತಕ್ಷಣ ಮನೆಯಲ್ಲಿ ಯಾರಾದರೂ ತೀರ್ಪು ಕೊಟ್ಟುಬಿಡುತ್ತಾರೆ: "ಮದರ್‌ಬೋರ್ಡ್ ಹೋಗಿದೆ." ಮದರ್‌ಬೋರ್ಡ್ ಅಂದರೆ ಒಳಗಿನ ಭಾಗಗಳನ್ನೆಲ್ಲ ಜೋಡಿಸುವ ಮುಖ್ಯ ಹಲಗೆ. ಅವರು ಒಳಗೆ ಇಣುಕಿಯೂ ನೋಡಿರುವುದಿಲ್ಲ!

ದಯವಿಟ್ಟು ಆ ಮಾತು ಬಿಡಿ. ಕರೆಂಟ್ ಎಲ್ಲಿವರೆಗೆ ಬಂದಿದೆ, ಅದನ್ನು ನೋಡಿ. ಗೋಡೆಯಿಂದ ಶುರು ಮಾಡಿ. ಮಂಡ್ಯದ ನಾಲೆ ಬಯಲಿನವರಿಗೆ ಇದನ್ನು ನಾನು ಹೇಳಿಕೊಡಬೇಕಾ? ಗದ್ದೆಗೆ ನೀರು ಬರಲಿಲ್ಲ ಅಂದರೆ ತೂಬಿನಿಂದ ನೋಡಿಕೊಂಡು ಬರುತ್ತೀರಿ. ಪೈರು ಕಿತ್ತು ನೋಡುವುದಿಲ್ಲ, ಅಲ್ವಾ?

ಗೋಡೆಯ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ. ಮೊಬೈಲ್ ಚಾರ್ಜ್ ಆಯಿತಾ? ಅಲ್ಲಿವರೆಗೆ ಕರೆಂಟ್ ಇದೆ. ಲ್ಯಾಪ್‌ಟಾಪನ್ನೂ ಅದೇ ಸಾಕೆಟ್‌ಗೆ ನೇರವಾಗಿ ಹಾಕಿ, ನಡುವೆ ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಮುಂದಿನದು ಅಡಾಪ್ಟರ್, ವೈರಿನ ಮಧ್ಯೆ ಇರುವ ಕಪ್ಪು ಡಬ್ಬಿ. ಗೋಡೆಯ 230 ವೋಲ್ಟನ್ನು ಅದು ಸುಮಾರು 19 ವೋಲ್ಟ್‌ಗೆ ಇಳಿಸಿ ಲ್ಯಾಪ್‌ಟಾಪ್‌ಗೆ ಕೊಡುತ್ತದೆ. ಅದರ ಮೇಲೆ ಪುಟ್ಟ ದೀಪ ಇದ್ದರೆ, ಹತ್ತಿದೆಯಾ ನೋಡಿ.

ಪಾಂಡವಪುರದ ಕಡೆಯ ಮೇಷ್ಟ್ರೊಬ್ಬರ ಕಥೆ ಹೇಳಲೇಬೇಕು. ರಿಟೈರಾದವರು. ಲ್ಯಾಪ್‌ಟಾಪನ್ನು ಟವೆಲ್‌ನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ನಮ್ಮ ರಿಪೇರಿ ಅಂಗಡಿಗೆ ಬಂದರು. ಯಾರೋ ಆಗಲೇ ಮದರ್‌ಬೋರ್ಡ್ ಹೋಗಿದೆ, ಎಂಟು ಸಾವಿರ ಆಗುತ್ತದೆ ಅಂದಿದ್ದರಂತೆ. "ಚಾರ್ಜರ್ ತಂದಿದ್ದೀರಾ ಸಾರ್?" ಅಂದೆ. "ಚಾರ್ಜರ್ ಯಾಕಪ್ಪಾ? ಕೆಟ್ಟಿರೋದು ಲ್ಯಾಪ್‌ಟಾಪು!" ಅಂದರು. ಎಲ್ಲರೂ ಹೀಗೇ ಹೇಳುತ್ತಾರೆ. ನನ್ನ ಹತ್ತಿರ ಇದ್ದ ಅದೇ ಅಳತೆಯ ಚಾರ್ಜರ್ ಸಿಕ್ಕಿಸಿದೆ. ಗುಂಡಿ ಒತ್ತಿದೆ. ದೀಪ ಹತ್ತಿತು, ಫ್ಯಾನ್ ಗುಂಯ್ ಅಂತು, ಪರದೆ ಮೇಲೆ ಮೊಮ್ಮಗಳ ಫೋಟೋ ಬಂತು. ಮೇಷ್ಟ್ರು ಟವೆಲ್ ಮಡಚೋದನ್ನೂ ಮರೆತು ನಿಂತಿದ್ದರು. "ಹಾಗಾದ್ರೆ ಎಂಟು ಸಾವಿರ?" ಅಂದರು. "ಜೇಬಲ್ಲೇ ಇರಲಿ ಸಾರ್, ಮನೆಯಲ್ಲಿರೋ ಚಾರ್ಜರ್ ತನ್ನಿ" ಅಂದೆ.

ತಂದರು. ಗೋಡೆಯಿಂದ ಡಬ್ಬಿವರೆಗೆ ಬರುವ ವೈರಿಗೆ ಒಂದು ಕಡೆ ಕಪ್ಪು ಟೇಪ್ ಸುತ್ತಿತ್ತು. ಬಿಚ್ಚಿ ನೋಡಿದರೆ ಇಲಿಯ ಹಲ್ಲಿನ ಗುರುತು, ಸಾಲಾಗಿ! ತಾಮ್ರದ ಎಳೆಗಳು ಒಂದೊಂದೇ ತುಂಡಾಗಿದ್ದವು. ಲ್ಯಾಪ್‌ಟಾಪ್ ಇಟ್ಟಿದ್ದ ಕೋಣೆಯಲ್ಲೇ ಭತ್ತದ ಮೂಟೆ. "ಬೋನು ಇಡಿ ಅಂತ ಮನೆಯವಳು ಹೇಳ್ತಾನೇ ಇದ್ದಳು" ಅಂತ ಮೇಷ್ಟ್ರು ನಕ್ಕರು. ಆ ವೈರ್ ಬೇರೆಯಾಗಿಯೇ ಸಿಗುತ್ತದೆ, ಕೆಲವು ನೂರು ರೂಪಾಯಿ, ಅಷ್ಟೇ. ಆದರೆ ಅದರಲ್ಲಿ ಹರಿಯುವುದು 230 ವೋಲ್ಟ್. ಟೇಪ್ ಸುತ್ತಿ ಕಾಲ ತಳ್ಳಬೇಡಿ, ಹೊಸದು ಹಾಕಿ.

ಪಕ್ಕದ ಮನೆಯ ಚಾರ್ಜರ್ ತಂದು ನೋಡುವುದಾದರೆ, ಪಿನ್ ಕೂತಿತು ಅಂತ ಹಾಕಬೇಡಿ. ಡಬ್ಬಿಯ ಮೇಲೆ ಔಟ್‌ಪುಟ್ ಅಂತ ಬರೆದಿರುವ ಕಡೆ ಓದಿ. ವೋಲ್ಟ್ ಒಂದೇ ಇರಬೇಕು. ಆಂಪಿಯರ್ ಜಾಸ್ತಿ ಇದ್ದರೆ ಪರವಾಗಿಲ್ಲ, ಕಮ್ಮಿ ಇರಬಾರದು.

ಮೇಷ್ಟ್ರು ನನ್ನ ಸಮಯವನ್ನೆಲ್ಲ ತಿಂದರು. ಉಳಿದದ್ದು ಬೇಗ ಹೇಳುತ್ತೇನೆ. ಡಬ್ಬಿವರೆಗೂ ಕರೆಂಟ್ ಇದೆ, ಆದರೂ ಲ್ಯಾಪ್‌ಟಾಪ್ ಏಳುತ್ತಿಲ್ಲ ಅಂದರೆ, ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗೆ ಬರುವಂಥದಾದರೆ ಅದನ್ನೂ ತೆಗೆಯಿರಿ. ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದಿರುವ ಕರೆಂಟ್ ಇಳಿದುಹೋಗುತ್ತದೆ. ಈಗ ತೆಗೆದ ಬ್ಯಾಟರಿ ಹಾಕದೆ, ಬರೀ ಚಾರ್ಜರ್ ಹಾಕಿ ಆನ್ ಮಾಡಿ. ಎಷ್ಟೋ ಯಂತ್ರ ಇಷ್ಟಕ್ಕೇ ಎದ್ದಿವೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಇದ್ಯಾವುದೂ ಬೇಡ. ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಲೇಬೇಡಿ.

ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು ಅಂತೀರಾ? ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಯಂತ್ರಕ್ಕೆ ಜೀವ ಇದೆ. ಪರದೆಗೆ ಓರೆಯಾಗಿ ಟಾರ್ಚ್ ಬಿಡಿ, ಮಸುಕಾಗಿ ಅಕ್ಷರ ಕಂಡರೆ ಹೋಗಿರುವುದು ಪರದೆಯ ಹಿಂದಿನ ಬೆಳಕು. ಏನೂ ಕಾಣಲಿಲ್ಲವಾ? ರ‍್ಯಾಮ್ ಅನ್ನುವ ಪುಟ್ಟ ಮೆಮೊರಿ ಪಟ್ಟಿಯನ್ನು ಬಿಚ್ಚಿ, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ ಮತ್ತೆ ಕೂರಿಸಬೇಕು. ಅಭ್ಯಾಸ ಇಲ್ಲದವರು ಅಂಗಡಿಯಲ್ಲಿ ಮಾಡಿಸಿ.

ಇಷ್ಟಾದರೂ ಏಳಲಿಲ್ಲ ಅಂದರೆ, ಆಗ ಮದರ್‌ಬೋರ್ಡ್ ಮಾತಾಡೋಣ. ಫೋಟೋಗಳೆಲ್ಲ ಹೋದವು ಅಂತ ಸುಮ್ನೆ ಗಾಬರಿಯಾಗಬೇಡಿ. ಅವು ಇರುವುದು ಹಾರ್ಡ್‌ಡಿಸ್ಕ್‌ನಲ್ಲಿ. ಅದು ನೆಟ್ಟಗಿದ್ದರೆ ಬಿಚ್ಚಿ, ಯುಎಸ್‌ಬಿ ಕೇಸ್‌ಗೆ, ಅಂದರೆ ವೈರಿನಿಂದ ಕಂಪ್ಯೂಟರ್‌ಗೆ ಸಿಕ್ಕಿಸುವ ಡಬ್ಬಿಗೆ ಹಾಕಿ, ಬೇರೆ ಕಂಪ್ಯೂಟರ್‌ನಲ್ಲಿ ತೆಗೆಯಬಹುದು. ಬಿಚ್ಚಿಸುವಾಗ ಎದುರಿಗೇ ಕೂತಿರಿ, ಪೆನ್‌ಡ್ರೈವ್‌ಗೆ ತುಂಬಿಸಿಕೊಂಡೇ ಮನೆಗೆ ಹೋಗಿ. ನಮಸ್ಕಾರ.